ಲಾಸ್ ವೇಗಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್ ಸುತ್ತಿ ಬನ್ನಿ: ಅಮೆರಿಕದಲ್ಲಿ ಓದುತ್ತಿರುವವರ ಮೊದಲ ರೋಡ್ ಟ್ರಿಪ್‌ಗೆ ಮಾರ್ಗದರ್ಶಿ

ಸೆಮಿಸ್ಟರ್ ರಜೆ ಹತ್ತಿರ ಬಂತೆಂದರೆ ಅದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. "ನಾವು ನಾಲ್ಕು ಜನ, ಎಲ್ಲರೂ ಮಾಸ್ಟರ್ಸ್ ಮಾಡ್ತಿದ್ದೀವಿ, ಯಾರಿಗೂ ಇನ್ನೂ ಇಪ್ಪತ್ತೈದು ಆಗಿಲ್ಲ. ಕಾರು ಬಾಡಿಗೆಗೆ ಸಿಗುತ್ತಾ? ಎಷ್ಟು ದಿನ ಬೇಕು? ವೀಸಾಗೆ ಏನೂ ತೊಂದರೆ ಆಗಲ್ಲ ಅಲ್ವಾ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಮೊದಲ ಸಲ ಹೋಗುವವರಿಗೆ ನಾನು ಹೇಳುವ ದಾರಿ ಒಂದೇ. ಲಾಸ್ ವೇಗಸ್‌ನಲ್ಲಿ ಕಾರು ತೆಗೆದುಕೊಳ್ಳಿ. ಯೂಟಾ ರಾಜ್ಯದ ಝಯಾನ್, ಬ್ರೈಸ್ ಕ್ಯಾನ್ಯನ್ ಎಂಬ ರಾಷ್ಟ್ರೀಯ ಉದ್ಯಾನಗಳು, ಆರಿಜೋನಾ ರಾಜ್ಯದ ಪೇಜ್ ಊರು, ಅದೇ ರಾಜ್ಯದ ಗ್ರ್ಯಾಂಡ್ ಕ್ಯಾನ್ಯನ್ ನೋಡಿಕೊಂಡು ವೇಗಸ್‌ಗೇ ವಾಪಸ್ ಬನ್ನಿ. ಒಟ್ಟು ಸುಮಾರು 800 ಮೈಲಿ, ಅಂದರೆ 1,300 ಕಿಲೋಮೀಟರ್. ಪೂರ್ತಿ ಟಾರು ರಸ್ತೆ. ಹೊರಟಲ್ಲಿಗೇ ಬರುವುದರಿಂದ ಕಾರನ್ನು ಬೇರೆ ಊರಲ್ಲಿ ಬಿಟ್ಟದ್ದಕ್ಕೆ ಹಾಕುವ ಡ್ರಾಪ್ ಶುಲ್ಕವೂ ಇಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಟ್ರಿಪ್‌ನಲ್ಲಿ ಸಾಹಸ ಶುರುವಾಗಬೇಕಾದದ್ದು ಕಾರು ನಿಲ್ಲಿಸಿದ ಮೇಲೆ. ರಸ್ತೆ ಮೇಲಿನ ಹೊತ್ತು ಆದಷ್ಟು ಬೇಜಾರು ಹಿಡಿಸುವಂತೆ ಇರಲಿ. ಕೆಳಗೆ ಬರೆದಿರುವ ಮುಕ್ಕಾಲು ಪಾಲು ಅದಕ್ಕಾಗಿಯೇ.

1. ಕಾಗದಪತ್ರ ಸರಿ ಮಾಡಿಕೊಳ್ಳಿ (ಒಂದೂವರೆ ತಿಂಗಳು ಮುಂಚೆ)

ಡ್ರೈವ್ ಮಾಡುವವರ ಹತ್ತಿರ ನೀವು ಓದುತ್ತಿರುವ ರಾಜ್ಯದ ಲೈಸೆನ್ಸ್ ಇದ್ದರೆ ಎಲ್ಲ ಸಲೀಸು. ಎಫ್-1, ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಇರುವವರಿಗೆ ಇದು ಸಿಗುತ್ತದೆ. ಪಾಸ್‌ಪೋರ್ಟ್, ಐ-20, ಐ-94, ವಿಳಾಸದ ದಾಖಲೆ ಹಿಡಿದು ಮೋಟಾರು ವಾಹನ ಕಚೇರಿಗೆ ಹೋಗಬೇಕು. ಐ-20 ಅಂದರೆ ನಿಮ್ಮ ಕಾಲೇಜು ಕೊಟ್ಟ ವಿದ್ಯಾರ್ಥಿ ಪ್ರಮಾಣಪತ್ರ. ಐ-94 ಅಂದರೆ ನೀವು ದೇಶದೊಳಗೆ ಬಂದ ದಾಖಲೆ. ಇದನ್ನು ಕಸ್ಟಮ್ಸ್ ಮತ್ತು ಗಡಿ ಇಲಾಖೆಯ ವೆಬ್‌ಸೈಟ್‌ನಿಂದ ನೀವೇ ಇಳಿಸಿಕೊಳ್ಳಬಹುದು. ಲಿಖಿತ ಪರೀಕ್ಷೆ, ರೋಡ್ ಟೆಸ್ಟ್ ಎರಡಕ್ಕೂ ದಿನಾಂಕ ಸಿಗುವುದು ತಡವಾಗುತ್ತದೆ. ಅದಕ್ಕೇ ಒಂದೂವರೆ ತಿಂಗಳು ಅಂದೆ.

ಭಾರತದ ಲೈಸೆನ್ಸ್ ಇಟ್ಟುಕೊಂಡು ಓಡಿಸುವವರು ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಟ್ಟುಕೊಳ್ಳಿ. ಅದನ್ನು ಭಾರತ ಬಿಡುವ ಮುಂಚೆಯೇ ಮಾಡಿಸಿಕೊಂಡು ಬನ್ನಿ. ಅದರ ಅವಧಿ ಒಂದು ವರ್ಷ. ಅದು ಮೂಲ ಲೈಸೆನ್ಸ್‌ನ ಜೊತೆಗಿದ್ದರೆ ಮಾತ್ರ ನಡೆಯುತ್ತದೆ, ಅದೊಂದನ್ನೇ ತೋರಿಸಿದರೆ ಪ್ರಯೋಜನವಿಲ್ಲ. ಹೊರದೇಶದ ಲೈಸೆನ್ಸ್ ಎಷ್ಟು ದಿನ ನಡೆಯುತ್ತದೆ ಎಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಿಮ್ಮ ರಾಜ್ಯದ್ದು ನೋಡಿಕೊಳ್ಳಿ.

ಹದಿನೆಂಟು ದಾಟಿದ ವಿದೇಶಿಯರು ತಮ್ಮ ನೋಂದಣಿ ದಾಖಲೆಯನ್ನು, ಅಂದರೆ ನಿಮ್ಮ ಲೆಕ್ಕದಲ್ಲಿ ಐ-94 ಅನ್ನು, ಸದಾ ಜೊತೆಗಿಟ್ಟುಕೊಳ್ಳಬೇಕು ಎಂಬುದು ಅಮೆರಿಕದ ಕಾನೂನು. ಪಾಸ್‌ಪೋರ್ಟ್, ಐ-94ರ ಪ್ರಿಂಟ್, ಐ-20 ಮೂರನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಹತ್ತಿರವೇ ಇಟ್ಟುಕೊಳ್ಳಿ. ಟ್ರಿಪ್ ಉದ್ದ ಮಾಡಿ ಮೆಕ್ಸಿಕೋ ಗಡಿಯ ಕಡೆ ಹೋದರೆ ಹೆದ್ದಾರಿಯಲ್ಲೇ ಬಾರ್ಡರ್ ಪ್ಯಾಟ್ರೋಲ್, ಅಂದರೆ ಗಡಿ ಕಾವಲು ಪಡೆಯ ತಪಾಸಣೆ ಇರುತ್ತದೆ, ಆಗ ಇವನ್ನು ಕೇಳುತ್ತಾರೆ.

2. ದಿನ ಮತ್ತು ದಾರಿ ಗೊತ್ತು ಮಾಡಿ

ಐದು ರಾತ್ರಿ ಇಟ್ಟುಕೊಳ್ಳಿ. ಮೂರು ರಾತ್ರಿಯಲ್ಲೂ ಮುಗಿಸಬಹುದು ಅಂತ ಯಾರಾದರೂ ಹೇಳಿದರೆ, ಅವರು ಕಾರಿನ ಕಿಟಕಿಯಿಂದ ನೋಡಿ ಬಂದವರು.

ಮೊದಲ ದಿನ ವೇಗಸ್‌ನಿಂದ ಝಯಾನ್ ಬಾಗಿಲಲ್ಲೇ ಇರುವ ಸ್ಪ್ರಿಂಗ್‌ಡೇಲ್ ಊರಿಗೆ. ಸುಮಾರು 160 ಮೈಲಿ, ಮೂರು ಗಂಟೆಯೊಳಗೆ ತಲುಪುತ್ತೀರಿ. ಎರಡನೇ ದಿನ ಪೂರ್ತಿ ಝಯಾನ್‌ಗೆ. ಮೂರನೇ ದಿನ ಬೆಳಿಗ್ಗೆ ಬ್ರೈಸ್‌ಗೆ, ಎರಡು ಗಂಟೆ ದಾರಿ. 1930ರಲ್ಲಿ ಮುಗಿದ, ಒಂದು ಮೈಲಿಗೂ ಉದ್ದದ ಸುರಂಗದೊಳಗಿಂದ ಹೋಗುತ್ತೀರಿ. ನಾಲ್ಕನೇ ದಿನ ಬ್ರೈಸ್‌ನಿಂದ ಪೇಜ್‌ಗೆ, ಐದನೇ ದಿನ ಪೇಜ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿಗೆ. ಈ ಎರಡೂ ಹೆಚ್ಚು ಕಡಿಮೆ ಮೂರು ಗಂಟೆಯ ದಾರಿ. ಕೊನೆಯ ದಿನ ವೇಗಸ್‌ಗೆ ಸುಮಾರು 280 ಮೈಲಿ, ನಾಲ್ಕೂವರೆ ಗಂಟೆ. ಇರುವುದರಲ್ಲಿ ಉದ್ದದ ಓಟ ಇದೊಂದೇ.

ಗ್ರ್ಯಾಂಡ್ ಕ್ಯಾನ್ಯನ್‌ಗೆ ದಕ್ಷಿಣ, ಉತ್ತರ ಅಂತ ಎರಡು ಅಂಚುಗಳಿವೆ. ವರ್ಷವಿಡೀ ತೆರೆದಿರುವುದು ದಕ್ಷಿಣದ್ದು. ಚಳಿಗಾಲದಲ್ಲಿ ಹಿಮ ಬಿದ್ದು ಉತ್ತರದ ರಸ್ತೆ ಮುಚ್ಚುತ್ತಾರೆ. ಮ್ಯಾಪ್‌ನಲ್ಲಿ ಸುಮ್ನೆ ಗ್ರ್ಯಾಂಡ್ ಕ್ಯಾನ್ಯನ್ ಅಂತ ಹಾಕಬೇಡಿ, ಸೌತ್ ರಿಮ್ ಅಂತಲೇ ಹಾಕಿ. ಇಕ್ಕೆಲದ ಅಂಚುಗಳು ಕಣ್ಣಿಗೆ ಎದುರುಬದುರು ಕಂಡರೂ ಕಾರಿನಲ್ಲಿ ಸುತ್ತಿ ಹೋಗಲು ನಾಲ್ಕೈದು ಗಂಟೆ ಬೇಕು.

ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ ಹವೆ ಚೆನ್ನಾಗಿರುತ್ತದೆ. ಮಾರ್ಚ್ ರಜೆಯೂ ಆಗಬಹುದು, ಆದರೆ ಬ್ರೈಸ್ 8,000 ಅಡಿಗಿಂತ ಎತ್ತರದಲ್ಲಿರುವುದರಿಂದ ಆಗಲೂ ಹಿಮ ಇರುತ್ತದೆ. ಬೇಸಿಗೆಯಲ್ಲಿ ಡೆತ್ ವ್ಯಾಲಿಯನ್ನೂ ಸೇರಿಸೋಣ ಅನ್ನುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ. ಬೇಡ. 1913ರ ಜುಲೈ 10ರಂದು 56.7 ಡಿಗ್ರಿ ಸೆಲ್ಸಿಯಸ್ ದಾಖಲಾದ ಜಾಗ ಅದು. ಅಲ್ಲಿ ಕಾರು ಕೆಟ್ಟರೆ ನೆರಳೂ ಸಿಗುವುದಿಲ್ಲ.

3. ಕಾರು ಬುಕ್ ಮಾಡಿ, ವಿಮೆ ಅರ್ಥ ಮಾಡಿಕೊಳ್ಳಿ

ಹಣ ಕಳೆದುಕೊಳ್ಳುವುದು ಇಲ್ಲೇ. ನಿಧಾನವಾಗಿ ಓದಿ.

ಇಪ್ಪತ್ತೈದು ತುಂಬದವರಿಗೆ ಬಹುತೇಕ ಕಂಪನಿಗಳು ದಿನಕ್ಕೆ ಇಷ್ಟು ಅಂತ ಹೆಚ್ಚುವರಿ ಹಣ ಹಾಕುತ್ತವೆ. ಇದಕ್ಕೆ ಯಂಗ್ ಡ್ರೈವರ್ ಫೀ ಅನ್ನುತ್ತಾರೆ. ಇಪ್ಪತ್ತೊಂದಕ್ಕಿಂತ ಚಿಕ್ಕವರಿಗೆ ಹೆಚ್ಚಿನ ಕಡೆ ಕಾರೇ ಕೊಡುವುದಿಲ್ಲ. ಆನ್‌ಲೈನ್‌ನಲ್ಲಿ ಹುಡುಕುವಾಗ ವಯಸ್ಸಿನ ಜಾಗದಲ್ಲಿ ಸಾಮಾನ್ಯವಾಗಿ 25 ಅಂತ ತುಂಬಿಯೇ ಇರುತ್ತದೆ. ಅದನ್ನು ಬದಲಿಸದೆ ಬುಕ್ ಮಾಡಿ, ಕೌಂಟರ್‌ನಲ್ಲಿ ಬಿಲ್ ನೋಡಿ ಗಾಬರಿಯಾಗುವವರು ಬಹಳ ಜನ. ನಿಮ್ಮ ನಿಜವಾದ ವಯಸ್ಸು ಹಾಕಿಯೇ ದರ ಹೋಲಿಸಿ. ಗುಂಪಿನಲ್ಲಿ ಇಪ್ಪತ್ತೈದು ದಾಟಿದವರಿದ್ದರೆ ಅವರ ಹೆಸರಲ್ಲೇ ತೆಗೆದುಕೊಳ್ಳಿ.

ಸ್ಟೀರಿಂಗ್ ಹಿಡಿಯುವ ಪ್ರತಿಯೊಬ್ಬರ ಹೆಸರೂ ಒಪ್ಪಂದದಲ್ಲಿ ಇರಬೇಕು. ಸ್ವಲ್ಪ ದುಡ್ಡು ಉಳಿಸಲು ಒಬ್ಬರದೇ ಹೆಸರು ಹಾಕಿ, ದಾರಿಯಲ್ಲಿ ಎಲ್ಲರೂ ಓಡಿಸುವುದು ವಿದ್ಯಾರ್ಥಿಗಳು ಮಾಡುವ ದೊಡ್ಡ ತಪ್ಪು. ಹೆಸರಿಲ್ಲದವರು ಓಡಿಸುವಾಗ ಅಪಘಾತವಾದರೆ ವಿಮೆ ಕೈಕೊಡುತ್ತದೆ, ಪೂರ್ತಿ ಖರ್ಚು ನಿಮ್ಮ ತಲೆಗೆ. ನಾಲ್ಕು ಜನರಲ್ಲಿ ಕನಿಷ್ಠ ಇಬ್ಬರ ಹೆಸರು ಹಾಕಿಸಿ.

ವಿಮೆಯಲ್ಲಿ ಎರಡು ಬಗೆ ನೆನಪಿಡಿ. ಬಾಡಿಗೆ ಕಾರಿಗೆ ಆಗುವ ಹಾನಿಯದು ಒಂದು. ಕೌಂಟರ್‌ನಲ್ಲಿ ಇದನ್ನು ಸಿಡಿಡಬ್ಲ್ಯು ಅಥವಾ ಎಲ್‌ಡಿಡಬ್ಲ್ಯು ಅನ್ನುತ್ತಾರೆ. ನಿಮ್ಮಿಂದ ಬೇರೆಯವರಿಗೆ, ಅವರ ಕಾರಿಗೆ ಆಗುವ ಹಾನಿಯದು ಇನ್ನೊಂದು. ಅದಕ್ಕೆ ಲಯಬಿಲಿಟಿ ಅಂತ ಹೆಸರು. "ನನ್ನ ಕ್ರೆಡಿಟ್ ಕಾರ್ಡ್‌ನಲ್ಲಿ ವಿಮೆ ಇದೆ" ಅನ್ನುವವರು ಸಾಮಾನ್ಯವಾಗಿ ಹೇಳುತ್ತಿರುವುದು ಮೊದಲನೆಯದರ ಬಗ್ಗೆ ಮಾತ್ರ. ಲಯಬಿಲಿಟಿ ಅದರಲ್ಲಿ ಇರುವುದಿಲ್ಲ. ನಿಮ್ಮದೇ ಕಾರಿಗೆ ವಿಮೆ ಇದ್ದರೆ ಅದು ಬಾಡಿಗೆ ಕಾರಿಗೂ ಅನ್ವಯಿಸುತ್ತದಾ ಅಂತ ವಿಮೆಯವರಿಗೆ ಫೋನ್ ಮಾಡಿ ಕೇಳಿ. ಸ್ವಂತ ಕಾರು, ವಿಮೆ ಏನೂ ಇಲ್ಲದವರು ಲಯಬಿಲಿಟಿಯನ್ನು ಕಣ್ಣು ಮುಚ್ಚಿಕೊಂಡು ಕೊಂಡುಬಿಡಿ. ಇಲ್ಲಿ ಒಂದು ಆಸ್ಪತ್ರೆ ಬಿಲ್ಲು ವರ್ಷದ ಫೀಸನ್ನು ಮೀರಿಸುತ್ತದೆ.

ಡೆಪಾಸಿಟ್ ಹಣವನ್ನು ಕಾರ್ಡ್‌ನಲ್ಲಿ ತಡೆ ಹಿಡಿಯುತ್ತಾರೆ. ಡೆಬಿಟ್ ಕಾರ್ಡ್‌ಗೆ ಷರತ್ತು ಜಾಸ್ತಿ. ಕ್ರೆಡಿಟ್ ಕಾರ್ಡ್ ಬಳಸಿ, ಅದು ಬುಕ್ ಮಾಡಿದವರ ಹೆಸರಿನದೇ ಆಗಿರಲಿ.

ಕೀಲಿ ಕೈಗೆ ಬಂದ ಮೇಲೆ ಹತ್ತು ನಿಮಿಷ ಎಲ್ಲೂ ಹೋಗಬೇಡಿ. ಫೋನ್ ಹಿಡಿದು ಕಾರಿನ ಸುತ್ತ ಒಂದು ಸುತ್ತು ವಿಡಿಯೊ ಮಾಡಿ. ಬಂಪರ್‌ನ ಕೆಳಗಂಚು, ನಾಲ್ಕು ಚಕ್ರದ ರಿಮ್ಮು, ಗಾಜಿನ ಮೇಲೆ ಕಲ್ಲು ಬಡಿದ ಚುಕ್ಕಿ, ಪೆಟ್ರೋಲ್ ಮುಳ್ಳು, ಮೈಲಿ ಓಟದ ಅಂಕಿ, ಎಲ್ಲ ಬರಲಿ. ನಾನು ಮೊದಲ ಸಲ ತೆಗೆದುಕೊಂಡ ಕಾರಿನ ಹಿಂದಿನ ಬಲ ಚಕ್ರದ ರಿಮ್ ಆಗಲೇ ಉಜ್ಜಿಹೋಗಿತ್ತು. ವಾಪಸ್ ಕೊಟ್ಟ ಎರಡು ವಾರಕ್ಕೆ ಅದರ ರಿಪೇರಿ ಬಿಲ್ ಬಂತು. ಹನ್ನೊಂದು ಸೆಕೆಂಡಿನ ಒಂದು ವಿಡಿಯೊ ಕಳಿಸಿದೆ, ಬಿಲ್ ರದ್ದಾಯಿತು. ಡಿಕ್ಕಿ ತೆಗೆದು ಸ್ಟೆಪ್ನಿ ಇದೆಯಾ ಅಂತಲೂ ನೋಡಿ. ಎಷ್ಟೋ ಹೊಸ ಕಾರುಗಳಲ್ಲಿ ಸ್ಟೆಪ್ನಿ ಬದಲು ಗಾಳಿ ತುಂಬುವ ಸಣ್ಣ ಪಂಪ್ ಮಾತ್ರ ಇರುತ್ತದೆ.

4. ರೂಮು, ಪಾಸು, ಪರ್ಮಿಟ್

ವೇಗಸ್‌ನ ಬಹುತೇಕ ಹೋಟೆಲ್‌ಗಳಲ್ಲಿ ಚೆಕ್-ಇನ್ ಮಾಡಲು 21 ಆಗಿರಬೇಕು. ಕಂಡ ಬಾಡಿಗೆಯ ಮೇಲೆ ರೆಸಾರ್ಟ್ ಫೀ ಅಂತ ಇನ್ನೊಂದು ಸೇರುತ್ತದೆ. ಒಟ್ಟು ಮೊತ್ತ ನೋಡಿಯೇ ಬುಕ್ ಮಾಡಿ.

ರಾಷ್ಟ್ರೀಯ ಉದ್ಯಾನಗಳಿಗೆ "ಅಮೆರಿಕ ದ ಬ್ಯೂಟಿಫುಲ್" ಎಂಬ ವಾರ್ಷಿಕ ಪಾಸ್ ಇದೆ. ಒಂದು ಪಾಸ್‌ಗೆ ಕಾರಿನಲ್ಲಿರುವ ಎಲ್ಲರೂ ಒಳಗೆ ಹೋಗಬಹುದು. 2026ರ ಜನವರಿ 1ರಿಂದ ಇಲ್ಲಿ ದೊಡ್ಡ ಬದಲಾವಣೆ ಆಗಿದೆ. ಅಮೆರಿಕದ ನಿವಾಸಿಗಳಿಗೆ 80 ಡಾಲರ್, ಉಳಿದವರಿಗೆ 250 ಡಾಲರ್. ಪಾಸ್ ಇಲ್ಲದೆ ಬರುವ ಹೊರದೇಶದವರು ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಸೇರಿ 11 ಉದ್ಯಾನಗಳಲ್ಲಿ ಪ್ರವೇಶದ ಜೊತೆ ತಲೆಗೆ 100 ಡಾಲರ್ ಹೆಚ್ಚಿಗೆ ಕೊಡಬೇಕು. ನಿಮ್ಮ ಗುರುತಿನ ಚೀಟಿ ಯಾವ ಸಾಲಿಗೆ ಸೇರುತ್ತದೆ ಎಂಬುದನ್ನು ಹೊರಡುವ ಮುಂಚೆಯೇ ಉದ್ಯಾನ ಇಲಾಖೆಯ ವೆಬ್‌ಸೈಟ್‌ನಲ್ಲಿ ನೋಡಿ. ಹಳೆಯ ದರ ನಂಬಿಕೊಂಡು ಬಜೆಟ್ ಹಾಕಬೇಡಿ.

ಝಯಾನ್‌ನ ಏಂಜಲ್ಸ್ ಲ್ಯಾಂಡಿಂಗ್, ಅಂದರೆ ಸರಪಳಿ ಹಿಡಿದು ಹತ್ತುವ ಕಡಿದಾದ ಬಂಡೆ ದಾರಿ, 2022ರ ಏಪ್ರಿಲ್‌ನಿಂದ ಲಾಟರಿ ಪರ್ಮಿಟ್ ಇಲ್ಲದೆ ಯಾರನ್ನೂ ಬಿಡುವುದಿಲ್ಲ. ತಿಂಗಳುಗಳ ಮುಂಚಿನ ಲಾಟರಿ ತಪ್ಪಿದರೆ ಹಿಂದಿನ ದಿನದ ಲಾಟರಿ ಇದ್ದೇ ಇದೆ. ಪೇಜ್‌ನ ಆ್ಯಂಟಿಲೋಪ್ ಕ್ಯಾನ್ಯನ್ ನವಾಹೊ ಬುಡಕಟ್ಟಿನವರ ಜಾಗ. ಅವರ ಗೈಡ್ ಜೊತೆಗೇ ಹೋಗಬೇಕು, ಮುಂಚಿತವಾಗಿ ಬುಕ್ ಮಾಡಬೇಕು. ಉದ್ಯಾನದ ಪಾಸ್ ಅಲ್ಲೂ ನಡೆಯುವುದಿಲ್ಲ, ಹತ್ತಿರದ ಹಾರ್ಸ್‌ಶೂ ಬೆಂಡ್‌ನ ಪಾರ್ಕಿಂಗ್‌ನಲ್ಲೂ ನಡೆಯುವುದಿಲ್ಲ. ನವಾಹೊ ನೆಲದಲ್ಲಿ ಮದ್ಯ ನಿಷೇಧ. ಬಾಟಲಿ ಇಟ್ಟುಕೊಂಡು ಹೋಗಬೇಡಿ.

ಪೇಜ್‌ನಲ್ಲಿ ಗಡಿಯಾರವೇ ಮೋಸ ಮಾಡುತ್ತದೆ. ಮಾರ್ಚ್‌ನಿಂದ ನವೆಂಬರ್‌ವರೆಗೆ ಯೂಟಾ ರಾಜ್ಯ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತದೆ, ಆರಿಜೋನಾ ಇಡುವುದಿಲ್ಲ. ಆರಿಜೋನಾದೊಳಗೇ ಇರುವ ನವಾಹೊ ನೆಲ ಮತ್ತೆ ಇಡುತ್ತದೆ. ಪೇಜ್ ಇರುವುದು ಮೂರೂ ಸೇರುವ ಮೂಲೆಯಲ್ಲಿ. ಫೋನ್ ಯಾವ ಟವರ್ ಹಿಡಿದರೆ ಆ ಟೈಮ್ ತೋರಿಸುತ್ತದೆ. ಊಟದ ಮೇಜಿನ ಸುತ್ತ ನಾಲ್ಕು ಫೋನ್ ಇಟ್ಟರೆ ಎರಡರಲ್ಲಿ ಒಂಬತ್ತು, ಎರಡರಲ್ಲಿ ಹತ್ತು! ಟೂರ್‌ಗಳು ನಡೆಯುವುದು ಪೇಜ್ ಊರಿನ ಆರಿಜೋನಾ ಟೈಮ್‌ಗೆ. ಫೋನ್‌ನ ಸೆಟ್ಟಿಂಗ್‌ನಲ್ಲಿ ತಾನಾಗಿ ಟೈಮ್ ಬದಲಿಸುವುದನ್ನು ನಿಲ್ಲಿಸಿ, ಫೀನಿಕ್ಸ್ ಟೈಮ್ ಇಟ್ಟುಕೊಳ್ಳಿ.

5. ಕಾರಿನಲ್ಲಿ ಇರಲೇಬೇಕಾದ್ದು

ತಲೆಗೆ ದಿನಕ್ಕೆ ನಾಲ್ಕು ಲೀಟರ್ ಲೆಕ್ಕದಲ್ಲಿ ನೀರು, ಟಾರ್ಚ್, ಪ್ರಥಮ ಚಿಕಿತ್ಸೆ ಡಬ್ಬಿ, ಚಾರ್ಜರ್, ಒಂದೊಂದು ಬೆಚ್ಚನೆ ಜಾಕೆಟ್. ಇಡೀ ದಾರಿಯ ಮ್ಯಾಪನ್ನು ಎಲ್ಲರ ಫೋನ್‌ನಲ್ಲೂ ಆಫ್‌ಲೈನ್ ಇಳಿಸಿಡಿ, ಮೈಲಿಗಟ್ಟಲೆ ಸಿಗ್ನಲ್ ಇರುವುದಿಲ್ಲ. ಸಸ್ಯಾಹಾರಿಗಳು ವೇಗಸ್‌ನಲ್ಲೇ ಎರಡು ದಿನಕ್ಕಾಗುವಷ್ಟು ತಿನ್ನುವ ಸಾಮಾನು ಕೊಂಡುಬಿಡಿ. ಸಣ್ಣ ಊರುಗಳಲ್ಲಿ ಸಂಜೆಗೇ ಅಡುಗೆಮನೆ ಮುಚ್ಚುತ್ತಾರೆ.

6. ರಸ್ತೆ ಮೇಲೆ

ಬಲಗಡೆ ಓಡಿಸುವುದು ಹೆದ್ದಾರಿಯಲ್ಲಿ ಕಷ್ಟವಲ್ಲ, ಎದುರು ಕಾರುಗಳೇ ದಾರಿ ತೋರಿಸುತ್ತವೆ. ತಪ್ಪಾಗುವುದು ಖಾಲಿ ರಸ್ತೆಯಲ್ಲಿ. ಪೆಟ್ರೋಲ್ ಬಂಕ್‌ನಿಂದ ಬೆಳಿಗ್ಗೆ ಹೊರಬರುವಾಗ, ಸುತ್ತ ಯಾರೂ ಇಲ್ಲದಾಗ, ಕೈ ಹಳೆಯ ಅಭ್ಯಾಸಕ್ಕೆ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರು ಪ್ರತಿ ತಿರುವಿನಲ್ಲೂ ಜೋರಾಗಿ "ಬಲಕ್ಕೆ" ಅನ್ನಲಿ. ಮೊದಲ ಎರಡು ದಿನ ಇದನ್ನು ಬಿಡಬೇಡಿ.

ಸ್ಟಾಪ್ ಬೋರ್ಡ್ ಕಂಡರೆ ಚಕ್ರ ಪೂರ್ತಿ ನಿಲ್ಲಬೇಕು. ನಾಲ್ಕೂ ಕಡೆ ಸ್ಟಾಪ್ ಇದ್ದರೆ ಮೊದಲು ಬಂದು ನಿಂತವರು ಮೊದಲು ಹೋಗುತ್ತಾರೆ. ಒಟ್ಟಿಗೆ ಬಂದರೆ ಬಲಗಡೆಯವರಿಗೆ ದಾರಿ. ಹಳದಿ ಸ್ಕೂಲ್ ಬಸ್ ಕೆಂಪು ದೀಪ ಮಿನುಗಿಸುತ್ತಾ ನಿಂತಿದ್ದರೆ, ನಡುವೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಎರಡೂ ಕಡೆಯ ವಾಹನ ನಿಲ್ಲಬೇಕು.

ವೇಗದ ಬೋರ್ಡ್‌ಗಳು ಮೈಲಿಯಲ್ಲಿವೆ. ಯೂಟಾದ ಹೆದ್ದಾರಿಯಲ್ಲಿ 80 ಅಂತ ಕಂಡರೆ ಅದು 129 ಕಿಲೋಮೀಟರ್. ಸಣ್ಣ ಊರು ಬಂದಾಗ 65 ಇದ್ದದ್ದು ಕೆಲವೇ ನೂರು ಅಡಿಯಲ್ಲಿ 35ಕ್ಕೆ ಇಳಿಯುತ್ತದೆ, ಟಿಕೆಟ್ ಬೀಳುವುದು ಅಲ್ಲೇ. ಪೊಲೀಸ್ ಕಾರು ಹಿಂದೆ ದೀಪ ಹಾಕಿದರೆ ಬಲಕ್ಕೆ ನಿಲ್ಲಿಸಿ, ಕಿಟಕಿ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲೆ ಇಡಿ. ನಮ್ಮಲ್ಲಿ ಇಳಿದು ಹೋಗಿ ಮಾತಾಡುವುದು ಮರ್ಯಾದೆ. ಇಲ್ಲಿ ಕಾರಿನಿಂದ ಇಳಿದರೆ ಅವರು ಅಪಾಯ ಅಂದುಕೊಳ್ಳುತ್ತಾರೆ. ಕಾಗದ ಕೇಳಿದಾಗ, ಎಲ್ಲಿದೆ ಅಂತ ಹೇಳಿ ಆಮೇಲೆ ಕೈ ಹಾಕಿ.

ಕುಡಿದವರು ಆ ದಿನ ಸ್ಟೀರಿಂಗ್ ಮುಟ್ಟಬಾರದು. ಯೂಟಾದಲ್ಲಿ ರಕ್ತದಲ್ಲಿರುವ ಮದ್ಯದ ಮಿತಿ ಶೇಕಡಾ 0.05, ಬೇರೆಲ್ಲ ರಾಜ್ಯಗಳ 0.08ಕ್ಕಿಂತ ಕಡಿಮೆ. ಕುಡಿದು ಓಡಿಸಿ ಸಿಕ್ಕಿಬಿದ್ದರೆ, ತೀರ್ಪು ಬರುವ ಮುಂಚೆಯೇ ವೀಸಾ ರದ್ದಾಗಬಹುದು. ಗಾಂಜಾ ವಿಚಾರವೂ ಹಾಗೇ. ನೆವಾಡಾ, ಆರಿಜೋನಾದಲ್ಲಿ ಅಂಗಡಿಯಲ್ಲೇ ಮಾರುತ್ತಾರೆ, ನಿಜ. ಆದರೆ ಕೇಂದ್ರ ಕಾನೂನಿನಲ್ಲಿ ಅದು ಅಪರಾಧ, ವೀಸಾ ನೋಡುವುದು ಕೇಂದ್ರ ಸರ್ಕಾರ, ರಾಷ್ಟ್ರೀಯ ಉದ್ಯಾನಗಳೂ ಕೇಂದ್ರದ ನೆಲ. ಕಾರಿನಲ್ಲಿ ಒಬ್ಬರ ಜೇಬಿನಲ್ಲಿದ್ದರೂ ನಾಲ್ಕೂ ಜನರ ಓದು ಅಪಾಯಕ್ಕೆ ಬೀಳುತ್ತದೆ. ಈ ಮಾತನ್ನು ಹೊರಡುವ ಮುಂಚೆಯೇ ಬಾಯಿಬಿಟ್ಟು ಆಡಿ, ಸಂಕೋಚ ಬೇಡ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ನಿದ್ದೆಯದು. ರೂಮಿನ ದುಡ್ಡು ಉಳಿಸಲು ರಾತ್ರಿಯಿಡೀ ಓಡಿಸುವ ಯೋಜನೆ ಹಾಕುತ್ತಾರೆ. ಗಂಟೆಗೆ 75 ಮೈಲಿ ವೇಗದಲ್ಲಿ ಮೂರು ಸೆಕೆಂಡ್ ಕಣ್ಣು ಮುಚ್ಚಿದರೆ ಕಾರು 100 ಮೀಟರ್ ಹೋಗಿರುತ್ತದೆ. ನೇರ ರಸ್ತೆ, ಒಂದೇ ಸದ್ದು, ಹಿಂದೆ ಮೂವರೂ ಮಲಗಿದ್ದಾರೆ. ಎಂಥ ಜಾಣ ಡ್ರೈವರಿಗೂ ಕಣ್ಣು ಎಳೆಯುತ್ತದೆ. ಎರಡು ಗಂಟೆಗೊಮ್ಮೆ ಚಾಲಕರು ಬದಲಾಗಲಿ. ಮುಂದಿನ ಸೀಟಿನಲ್ಲಿ ಕೂತವರು ಮಲಗುವಂತಿಲ್ಲ. ಕತ್ತಲಾಗುವಷ್ಟರಲ್ಲಿ ರೂಮು ಸೇರಿರಿ. ಮುಸ್ಸಂಜೆಯಲ್ಲಿ ಜಿಂಕೆ, ಎಲ್ಕ್‌ಗಳು ರಸ್ತೆಗೆ ಬರುತ್ತವೆ, ಬೀದಿ ದೀಪ ಇರುವುದಿಲ್ಲ.

ಟ್ಯಾಂಕ್ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸಿ. ಪೆಟ್ರೋಲ್‌ಗೆ ಇಲ್ಲಿ ಗ್ಯಾಸ್ ಅನ್ನುತ್ತಾರೆ, ಬಾಡಿಗೆ ಕಾರಿಗೆ ಸಾಮಾನ್ಯವಾಗಿ ರೆಗ್ಯುಲರ್ ಸಾಕು. ಹಸಿರು ಹಿಡಿ ಕಂಡರೆ ಹೆಚ್ಚಾಗಿ ಅದು ಡೀಸೆಲ್, ಓದಿ ನೋಡಿ ಹಿಡಿಯಿರಿ. ಪಂಪ್ ಝಿಪ್ ಕೋಡ್ (ಇಲ್ಲಿನ ಪಿನ್ ಕೋಡ್) ಕೇಳಿ ಭಾರತದ ಕಾರ್ಡ್ ಒಪ್ಪದಿದ್ದರೆ ಒಳಗೆ ಹೋಗಿ ಮೊದಲೇ ಹಣ ಕಟ್ಟಿ.

7. ಕಣಿವೆಯೊಳಗೆ

ಈಗ ಸಾಹಸಕ್ಕೆ ಬರೋಣ. ಒಂದನ್ನು ಮಾತ್ರ ಆರಿಸಿ ಅಂದರೆ ನಾನು ಝಯಾನ್‌ನ ನ್ಯಾರೋಸ್ ಅನ್ನುತ್ತೇನೆ. ವರ್ಜಿನ್ ನದಿಯೊಳಗೇ ನಡೆಯುವುದು. ಎರಡೂ ಕಡೆ ಆಕಾಶ ಮುಚ್ಚುವಂತೆ ಬಂಡೆ, ಮೊಣಕಾಲಿನವರೆಗೆ, ಕೆಲವು ಕಡೆ ಸೊಂಟದವರೆಗೆ ತಣ್ಣೀರು. ಕಾಲಡಿಯ ಕಲ್ಲು ಕಾಣುವುದಿಲ್ಲ, ಕೋಲು ಊರಿ, ಅದು ನಿಂತಿತು ಅನ್ನಿಸಿದ ಮೇಲೆ ಹೆಜ್ಜೆ. ಕೆಳಗಿನಿಂದ ನಡೆದು ಹೋಗಿ ಅದೇ ದಾರಿಯಲ್ಲಿ ಬರುವುದಕ್ಕೆ ಪರ್ಮಿಟ್ ಬೇಡ. ಬೂಟು, ಕೋಲು ಸ್ಪ್ರಿಂಗ್‌ಡೇಲ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಮಾಮೂಲಿ ಸ್ನೀಕರ್ಸ್ ಹಾಕಿಕೊಂಡು ಇಳಿಯಬೇಡಿ, ಕಣಕಾಲು ಹೊರಳುತ್ತದೆ. ನದಿಯ ಹರಿವು 150 ಕ್ಯೂಸೆಕ್ ದಾಟಿದರೆ ಉದ್ಯಾನದವರೇ ಮುಚ್ಚುತ್ತಾರೆ.

ಇಲ್ಲಿನ ನಿಜವಾದ ಅಪಾಯ ದಿಢೀರ್ ಪ್ರವಾಹ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಜಾಸ್ತಿ. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಹತ್ತಾರು ಮೈಲಿ ಮೇಲೆ ಮಳೆಯಾಗಿದ್ದರೆ ಸಾಕು. ಬೆಳಿಗ್ಗೆ ವಿಸಿಟರ್ ಸೆಂಟರ್‌ನಲ್ಲಿ ಆ ದಿನದ ಪ್ರವಾಹ ಮುನ್ಸೂಚನೆ ಕೇಳಿಯೇ ಇಳಿಯಿರಿ. ತಿಳಿನೀರು ಇದ್ದಕ್ಕಿದ್ದಂತೆ ಕೆಸರಾದರೆ, ಕಡ್ಡಿ-ಎಲೆ ತೇಲಿ ಬಂದರೆ, ಮೇಲಿನಿಂದ ಮೊರೆತ ಕೇಳಿದರೆ ಬ್ಯಾಗು, ಕೋಲು, ಫೋಟೊ ಎಲ್ಲ ಬಿಟ್ಟು ಎತ್ತರಕ್ಕೆ ಹತ್ತಿ. ಓಡಿ ಪಾರಾಗುವಷ್ಟು ಹೊತ್ತು ಇರುವುದಿಲ್ಲ.

ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಬೆಟ್ಟ ಹತ್ತಿದವರ ಲೆಕ್ಕ ತಲೆಕೆಳಗು. ಮೊದಲು ಇಳಿತ, ದಣಿದ ಮೇಲೆ ಏರು. ಇಳಿದದ್ದರ ಎರಡರಷ್ಟು ಹೊತ್ತು ಹತ್ತಲು ಬೇಕು. ಕೆಳಗೆ ಹೋದಷ್ಟೂ ಸೆಕೆ ಹೆಚ್ಚುತ್ತದೆ. ಕಣಿವೆಯ ತಳದ ನದಿ ಮುಟ್ಟಿ ಒಂದೇ ದಿನದಲ್ಲಿ ವಾಪಸ್ ಬರುವ ಪಂದ್ಯ ಕಟ್ಟಬೇಡಿ. ಸೌತ್ ಕೈಬಾಬ್ ದಾರಿಯಲ್ಲಿ ಸೀಡರ್ ರಿಜ್‌ವರೆಗೆ ಹೋಗಿ ಬಂದರೆ 3 ಮೈಲಿ, ಮೊದಲ ಸಲಕ್ಕೆ ಅಷ್ಟೇ ಬೇಕಾದಷ್ಟು. ಆ ದಾರಿಯಲ್ಲಿ ಎಲ್ಲೂ ನೀರಿಲ್ಲ, ಹೊತ್ತೇ ಹೋಗಬೇಕು. ಮೂರನೇ ಒಂದು ಭಾಗ ನೀರು ಮುಗಿದ ಕೂಡಲೇ ತಿರುಗಿಬಿಡಿ. ಗುಂಪಿನಲ್ಲಿ ನಿಧಾನವಾಗಿ ನಡೆಯುವವರು ಮುಂದಿರಲಿ.

ಬ್ರೈಸ್‌ನಲ್ಲಿ ಸೂರ್ಯೋದಯಕ್ಕೆ ಎದ್ದರೆ ಸಾಕು, ಬೇರೇನೂ ಹೇಳುವುದಿಲ್ಲ.

8. ಏನಾದರೂ ಆದರೆ

ಜೀವಕ್ಕೆ ಅಪಾಯವಿದ್ದರೆ 911. ಐಫೋನ್ 14 ಮತ್ತು ಅದರ ನಂತರದವುಗಳಲ್ಲಿ ಸಿಗ್ನಲ್ ಇಲ್ಲದೆಡೆ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು. ಹೇಗೆ ಅಂತ ಮನೆಯಲ್ಲೇ ಒಮ್ಮೆ ನೋಡಿಟ್ಟುಕೊಳ್ಳಿ. ಅಪಘಾತವಾದರೆ ಫೋಟೊ ತೆಗೆಯಿರಿ, ಪೊಲೀಸ್ ವರದಿ ಕೇಳಿ, ಆಮೇಲೆ ಬಾಡಿಗೆ ಕಂಪನಿಗೆ ಫೋನ್ ಮಾಡಿ. ಅವರಿಗೆ ಹೇಳದೆ ಎಲ್ಲೂ ರಿಪೇರಿ ಮಾಡಿಸಬೇಡಿ. ಸಣ್ಣಪುಟ್ಟ ಗಾಯ, ಜ್ವರಕ್ಕೆ ಎಮರ್ಜೆನ್ಸಿ ರೂಮಿಗೆ ಹೋಗದೆ ಅರ್ಜೆಂಟ್ ಕೇರ್ ಎಂಬ ಕ್ಲಿನಿಕ್‌ಗೆ ಹೋಗಿ, ಬಿಲ್ ಎಷ್ಟೋ ಪಾಲು ಕಡಿಮೆ. ಕಾರು ಮರುಭೂಮಿಯಲ್ಲಿ ಕೆಟ್ಟರೆ ಸಹಾಯ ಹುಡುಕಿ ನಡೆದು ಹೋಗಬೇಡಿ, ಕಾರಿನ ಹತ್ತಿರವೇ ಇರಿ. ಹುಡುಕುವವರಿಗೆ ಮೊದಲು ಕಾಣುವುದು ಕಾರು.

ಊರಲ್ಲಿ ಉಳಿದ ಒಬ್ಬ ಗೆಳೆಯರಿಗೆ ದಿನದ ದಾರಿ, ರೂಮಿನ ಹೆಸರು ಬರೆದು ಕೊಟ್ಟಿರಿ. ರಾತ್ರಿ ಒಂಬತ್ತಕ್ಕೆ ಮೆಸೇಜ್ ಬರದಿದ್ದರೆ ಏನು ಮಾಡಬೇಕು ಎಂಬುದನ್ನೂ ಬರೆದಿಡಿ.

9. ಕಾರು ವಾಪಸ್ ಕೊಡುವಾಗ

ವೇಗಸ್‌ಗೆ ಹತ್ತು ಮೈಲಿ ಇರುವಾಗ ಟ್ಯಾಂಕ್ ತುಂಬಿಸಿ ರಸೀದಿ ಇಟ್ಟುಕೊಳ್ಳಿ. ತುಂಬಿಸದೆ ಕೊಟ್ಟರೆ ಅವರು ಹಾಕುವ ದರ ಬಹಳ ಜಾಸ್ತಿ. ಮತ್ತೆ ಸುತ್ತ ಒಂದು ವಿಡಿಯೊ, ಪೆಟ್ರೋಲ್ ಮುಳ್ಳಿನ ಒಂದು ಫೋಟೊ. ಸೀಟಿನ ಕೆಳಗೆ, ಬಾಗಿಲ ಗೂಡಿನಲ್ಲಿ, ಸನ್ ವೈಸರ್‌ನ ಹಿಂದೆ ಕೈಯಾಡಿಸಿ ನೋಡಿ. ಐ-20 ಇಟ್ಟ ಪ್ಲಾಸ್ಟಿಕ್ ಕವರ್ ಮರೆತು ಬರುವುದು ಇಲ್ಲೇ.

ಡೆಪಾಸಿಟ್ ಬಿಡುಗಡೆಯಾಗಲು ಕೆಲವು ದಿನ ಹಿಡಿಯುತ್ತದೆ, ದಂಡ-ಟೋಲ್‌ಗಳ ಬಿಲ್ ವಾರಗಳ ಮೇಲೂ ಬರುತ್ತದೆ. ಹಾಗಾಗಿ ಒಂದು ತಿಂಗಳು ಆ ಕಾರ್ಡ್‌ನ ಲೆಕ್ಕ ನೋಡುತ್ತಿರಿ, ವಿಡಿಯೊಗಳನ್ನು ಅಳಿಸಬೇಡಿ. ಗೆಳೆಯರ ನಡುವಿನ ಲೆಕ್ಕ ಮಾತ್ರ ಅಷ್ಟು ದಿನ ಎಳೆಯಬೇಡಿ. ವಿಮಾನಕ್ಕೆ ಕಾಯುವಾಗಲೇ ನಾಲ್ವರೂ ಕೂತು, ಯಾರು ಯಾರಿಗೆ ಎಷ್ಟು ಕೊಡಬೇಕು ಅಂತ ಮುಗಿಸಿಬಿಡಿ.